ಅರ್ಧ ಮೀಸೆ

ಸೂಸೈ ಮೀಸೆ ಬೋಳಿಸಲು ಕೂತಿದ್ದ. ಎರಡು ವರ್ಷ ಎಣ್ಣೆ ಹಚ್ಚಿ, ತಿರುವಿ, ಹೀರೋ ಲೆವೆಲ್ಲಿಗೆ ಬೆಳೆಸಿದ ಮೀಸೆ. ಕ್ಷೌರದಂಗಡಿಯ ಕಡರ್ಕರೈ ಅಣ್ಣಾಚಿ ಕತ್ತಿ ಹಿಡಿದು ಒಂದು ಬದಿ ಸಾಫು ಮಾಡಿದ್ದ.

"ಯಾಕೋ ತಂಬಿ, ದಿಢೀರಂತ?"

"ಸೆಖೆ ಅಣ್ಣಾಚಿ."

"ಮೀಸೆಗೂ ಸೆಖೆ ಆಗುತ್ತಾ?"

ಮೂಲೆಯ ಟಿವಿಯಲ್ಲಿ ಮತ್ತೆ ಅದೇ ಬಂತು. ನಿನ್ನೆ ಕೆಮಿಕಲ್ ಫ್ಯಾಕ್ಟರಿಯ ಗೇಟಿನೆದುರು ಸೂಸೈ ಮೀಸೆ ತಿರುವುತ್ತಾ ಮೈಕಿಗೆ ಹೇಳುತ್ತಿದ್ದ: "ನಮ್ಮ ಕಡಲಿಗೆ ವಿಷ ಬಿಡಬೇಕಂದ್ರೆ ಮೊದ್ಲು ನನ್ನ ನೆರಳು ದಾಟಿ. ನೆರಳೇ ಇಷ್ಟುದ್ದ ಇದೆ, ಆಳು ಎಷ್ಟಿರಬೇಕು ನೋಡ್ಕೊಳ್ಳಿ." ಕೆಳಗೆ ಹೆಸರು: ಇಸಕ್ಕಿಮುತ್ತು, ಹೋರಾಟಗಾರ.

ಅಣ್ಣಾಚಿ ಕತ್ತಿ ನಿಲ್ಲಿಸಿದ. "ಮುಖ ನಿಂದು, ಹೆಸರು ನಿನ್ನ ದೋಸ್ತ್ ಇಸಕ್ಕೀದು. ನೀನೇ ಕೊಟ್ಯಾ?"

"ತಮಾಷೆಗೆ. ಅವ್ನು ಥಿಯೇಟರಲ್ಲಿ ಶಿಳ್ಳೆ ಹೊಡೆಯೋಕೂ ಹೆದರ್ತಾನಲ್ಲ, ಒಂದು ದಿನ ಹೀರೋ ಆಗ್ಲಿ ಅಂತ."

ನಿನ್ನೆ ಸಂಜೆಯೇ ಯಾರೋ ಆ ಗೇಟಿಗೆ ಬೆಂಕಿ ಇಟ್ಟಿದ್ದರು. ಅಲ್ಲಿಗೆ ತಮಾಷೆ ಮುಗಿದಿತ್ತು. ಬೆಳಿಗ್ಗೆಯಿಂದ ಪೊಲೀಸರು ಟಿವಿ ನೋಡಿ ನೋಡಿ ಜನರನ್ನು ಎತ್ತುತ್ತಿದ್ದರು.

ಪರದೆ ಬದಲಾಯಿತು. ಲುಂಗಿಯುಟ್ಟ ಇಸಕ್ಕಿಯನ್ನು ಇಬ್ಬರು ಜೀಪಿಗೆ ತಳ್ಳುತ್ತಿದ್ದರು. ಅವನ ತಾಯಿ ಬಾಗಿಲಲ್ಲಿ ನಿಂತು, "ಅವ್ನಿಗೆ ಕಾಮಾಲೆ, ಸ್ವಾಮಿ, ಹಾಸಿಗೆ ಬಿಟ್ಟು ಎದ್ದಿಲ್ಲ," ಎನ್ನುತ್ತಿದ್ದಳು.

ಸೂಸೈ ಟಿವಿಯತ್ತ ತಿರುಗಿದ. "ಮುಖ ಬೇರೆ ಅಂತ ಅವ್ರಿಗೆ ಗೊತ್ತಾಗಲ್ವಾ?"

"ನಾಡೆಲ್ಲ ಹೆಸರು ಓದಿದೆ. ಆ ಹೆಸರಿನವ್ನು ಸಿಕ್ಕಿದ. ಇನ್ನು ಮುಖ ಯಾರಿಗೆ ಬೇಕು?" ಅಣ್ಣಾಚಿ ಕತ್ತಿ ಒರೆಸಿದ. "ಇನ್ನೊಂದು ಬದೀನೂ ತೆಗೀಲಾ? ಆಮೇಲೆ ನೀನು ಯಾರೋ, ಅವ್ನು ಯಾರೋ."

ಕನ್ನಡಿಯಲ್ಲಿ ಅರ್ಧ ಮುಖ ಸೂಸೈಯದಾಗಿತ್ತು, ಅರ್ಧ ಯಾವನದೋ. ಸ್ಟೇಷನ್ನಿಗೆ ಹೋದರೆ ಇಬ್ಬರನ್ನೂ ಒಳಗೆ ಹಾಕುತ್ತಾರೆ, ನಿಜ ಯಾರಿಗೂ ತಿಳಿಯುವುದಿಲ್ಲ. ಸೂಸೈ ಎದ್ದ. ಹೆಗಲ ಬಟ್ಟೆಯಿಂದಲೇ ನೊರೆ ಒರೆಸಿಕೊಂಡ.

ಚರ್ಚಿನ ಮುಂದೆ ಟಿವಿ ವ್ಯಾನು, ಅದರಾಚೆ ಪೊಲೀಸ್ ಜೀಪು. ನಿನ್ನೆ ಮೈಕ್ ಹಿಡಿದಿದ್ದ ಹುಡುಗಿಯೇ ಇದ್ದಳು.

"ಅಕ್ಕಾ, ಈಗ ಮಾತಾಡಿದ್ರೆ ಟಿವೀಲಿ ನೇರವಾಗಿ ಹೋಗುತ್ತಾ?"

"ಹೋಗುತ್ತೆ. ಯಾರು ನೀನು?"

"ನಿನ್ನೆಯ ನೆರಳು ನಂದು."

"ಅವ್ನಿಗೆ ಮೀಸೆ ಇತ್ತು."

ಸೂಸೈ ಮುಖದ ಇನ್ನೊಂದು ಬದಿ ತಿರುಗಿಸಿದ. ಅವಳು ಕ್ಯಾಮೆರಾದವನಿಗೆ ಕೈ ಸನ್ನೆ ಮಾಡಿದಳು. ಕೆಂಪು ದೀಪ ಹತ್ತಿತು.

"ನಾನು ಸೂಸೈ, ಮಿಕ್ಕೇಲ್ ಮಗ, ಬಲೆಗಾರರ ಬೀದಿ. ಹೆಸ್ರು ಸುಳ್ಳು ಹೇಳ್ದೆ. ಇಸಕ್ಕಿ ಅಲ್ಲಿ ಇರ್ಲೇ ಇಲ್ಲ."

"ಕೇಳ್ತಿಲ್ಲಪ್ಪ. ನಿನ್ನೆ ಥರ ಗತ್ತಲ್ಲಿ ಹೇಳು," ಎಂದಳು.

ಜೀಪಿನ ಬಾಗಿಲು ತೆರೆದ ಸದ್ದಾಯಿತು. ನಿನ್ನೆಯ ದನಿಗಾಗಿ ಸೂಸೈ ಗಂಟಲೆಲ್ಲ ತಡಕಾಡಿದ. ಅದು ಬರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಬಾಯಿಗೆ ಎಳೆದುಕೊಂಡು, ನಡುಗುವ ದನಿಯಲ್ಲೇ, ತನ್ನ ಹೆಸರಿನಿಂದ ಮತ್ತೆ ಶುರುಮಾಡಿದ.