ಕೋಟಿನ ಗುಂಡಿಯ ಬೆಲೆ

ಕಡಲಾಚೆಯ ಕೋಟು ಕಂಪನಿಯವರಿಗೆ ಒಂಬತ್ತು ಲಕ್ಷ ಗುಂಡಿಗಳು ಬೇಕಾಗಿದ್ದವು. ಸಂಜೆ ನಾಲ್ಕರೊಳಗೆ ಡಾಲರಿನಲ್ಲಿ ಬೆಲೆ ತಿಳಿಸಿ ಎಂದು ಬರೆದಿದ್ದರು. ಆರ್ಡರ್ ಸಿಕ್ಕರೆ ಗುಂಡಿ ಕಾರ್ಖಾನೆಯ ಎರಡನೆಯ ಪಾಲಿಶ್ ಯಂತ್ರ ಆರು ತಿಂಗಳು ತಿರುಗುತ್ತದೆ. ಸಿಗದಿದ್ದರೆ ಅದನ್ನು ನಡೆಸುವ ಹೆಂಗಸಿಗೆ ನಾಳೆಯಿಂದ ಕೆಲಸವಿಲ್ಲ. ಕಾರ್ಖಾನೆ ನಡೆಸುವ ಅಕ್ಕ-ತಮ್ಮಂದಿರಲ್ಲಿ ಅಕ್ಕ ಇದನ್ನು ಅವಳಿಗೆ ಬೆಳಿಗ್ಗೆಯೇ ಮುಚ್ಚುಮರೆಯಿಲ್ಲದೆ ಹೇಳಿದ್ದಳು.

ಹೊರದೇಶಕ್ಕೆ ಹೋಗುವ ಬೆಲೆಪತ್ರಕ್ಕೆ ಇಬ್ಬರ ಸಹಿ ಬೇಕೆಂಬುದು ತಂದೆ ಹಾಕಿಹೋದ ಕಟ್ಟಳೆ: ಸರಕಿಗೆ ಅಕ್ಕನದು, ಡಾಲರ್ ದರಕ್ಕೆ ತಮ್ಮನದು. ಒಂಬತ್ತೂವರೆಗೆ ಇಬ್ಬರೂ ಸಹಿ ಹಾಕಿ ಪತ್ರ ಕಳಿಸಿದರು. ಹತ್ತಕ್ಕೆ ಡಾಲರ್ ಇಳಿಯಿತು. ಇದೇ ಬೆಲೆಗೆ ಒಪ್ಪಿಕೊಂಡರೆ ಕೈಗೆ ಬರುವ ರೂಪಾಯಿ ಕಡಿಮೆಯಾಗುತ್ತದೆಂದು ತಮ್ಮ ವಿವರಿಸಿದ. ಹಿಂದಿನದನ್ನು ರದ್ದುಪಡಿಸಿ, ಬೆಲೆ ಏರಿಸಿ, ಎರಡನೆಯ ಪತ್ರ ಹೋಯಿತು. ಹನ್ನೊಂದಕ್ಕೆ ಡಾಲರ್ ಏರಿತು. ಈಗ ನಮ್ಮದು ದುಬಾರಿ, ಬೇರೆಯವರು ಆರ್ಡರ್ ಹೊಡೆದುಕೊಂಡು ಹೋಗುತ್ತಾರೆಂದು ಬೆಲೆ ಇಳಿಸಿ ಮೂರನೆಯದು ಹೋಯಿತು. ಸ್ವಲ್ಪ ಶುಲ್ಕ ಕೊಟ್ಟರೆ ಹಣ ಬರುವ ದಿನದ ಡಾಲರ್ ದರವನ್ನು ಬ್ಯಾಂಕಿನವರು ಇವತ್ತೇ ನಿಗದಿ ಮಾಡಿಕೊಡುತ್ತಾರೆಂದು ಅಕ್ಕ ನೆನಪಿಸಿದಳು. ಅದು ದಂಡದ ಖರ್ಚು ಎಂದು ತಮ್ಮ ತಳ್ಳಿಹಾಕಿದ. ಊಟದ ನಂತರ ನಾಲ್ಕನೆಯದೂ ಹೋಯಿತು.

ಮೂರೂ ಮುಕ್ಕಾಲಾಯಿತು. ಯಂತ್ರದ ಹೆಂಗಸು ಬಾಗಿಲಿಗೆ ಬಂದು ನಿಂತಳು.

“ಇನ್ನೈದು ನಿಮಿಷ ಇರಕ್ಕಾ, ಇಳೀತಾ ಇದೆ” ಎಂದ ತಮ್ಮ, ಮೊಬೈಲಿನಿಂದ ಕಣ್ಣು ತೆಗೆಯದೆ.

“ಹಾಲು ಉಕ್ಕುತ್ತೇನೋ ಅನ್ನೋ ಹಾಗೆ ಬೆಳಿಗ್ಗೆಯಿಂದ ಅದರ ಮುಂದೇನೇ ನಿಂತಿದ್ದೀಯಲ್ಲೋ. ಮುಗಿಸು.”

ಮೂರು ಐವತ್ತೆರಡಕ್ಕೆ ಡಾಲರ್ ಒಂಬತ್ತೂವರೆಗೆ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು. ಅವನು ಮೊದಲ ಪತ್ರದ ಬೆಲೆಯನ್ನೇ ಬರೆದು ಐದನೆಯ ಪತ್ರವನ್ನು ಅಕ್ಕನ ಮುಂದಿಟ್ಟ. ಅವಳು ಸಹಿ ಹಾಕಿದಳು. ಐವತ್ತೆಂಟಕ್ಕೆ ಅದು ಹೋಯಿತು.

ನಾಲ್ಕೂ ಹತ್ತಕ್ಕೆ ಉತ್ತರ ಬಂತು. ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಐದೂ ಪತ್ರಗಳು ತಲುಪಿವೆ, ವಂದನೆಗಳು. ಸರಕು ತಲುಪುವ ಹೊತ್ತಿಗೆ ಆರನೆಯದೂ ಬರಬಹುದೆಂದು ಅಂಜಿ, ಈ ವರ್ಷದ ಕೋಟುಗಳಿಗೆ ಗುಂಡಿಯ ಬದಲು ಜಿಪ್ ಹಾಕಿಸುವುದೆಂದು ತೀರ್ಮಾನಿಸಿದ್ದೇವೆ. ಅದು ನಮ್ಮ ಊರಿನಲ್ಲೇ, ನಮ್ಮ ದೇಶದ ಹಣಕ್ಕೇ ಸಿಗುತ್ತದೆ.

ತಮ್ಮ ಅದನ್ನು ಇಸಿದುಕೊಂಡು ತಾನೂ ಒಮ್ಮೆ ಓದಿದ. ಎರಡನೆಯ ಯಂತ್ರವನ್ನು ನಿಲ್ಲಿಸಲು ಅಕ್ಕ ತಾನೇ ಎದ್ದು ಹೋದಳು.

“ಜಿಪ್ಪಿಗೆ ಪಾಲಿಶ್ ಬೇಕಾಗುತ್ತಾ ಅಣ್ಣಾ?” ಎಂದು ಹೆಂಗಸು ಕೇಳಿದಳು.

ತಮ್ಮ ಸ್ವಲ್ಪ ಯೋಚಿಸಿ, ಬೇಕಾಗುವುದಿಲ್ಲ ಎಂದ.

ಅವಳು ತಲೆಯಾಡಿಸಿ, ಊಟದ ಡಬ್ಬಿ ತರಲು ಒಳಗೆ ಹೋದಳು.