ಜಲ್ಲಿಯ ಮೇಲಿನ ಬೊಂಬೆಗಳು

"ಮೇಡಂ, ಬೊಂಬೆಗೊಂದು ಮೀಸೆ ಬರೀರಿ, ಕಳೆ ಬರುತ್ತೆ" ಎಂದು ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಬೈಕಿನವನೊಬ್ಬ ಪುಕ್ಕಟೆ ಸಲಹೆ ಕೊಟ್ಟು ಹೋದ.

"ಅದು ಚಿಕ್ಕ ಹುಡುಗ ಕಣಪ್ಪಾ! ಅದಕ್ಕೆ ಎಲ್ಲಿಂದ ಮೀಸೆ ಬರುತ್ತೆ?" ಅನಸೂಯ ಕೂಗಿದಳು. ಬೈಕು ಆಗಲೇ ಡೇರಿಯ ಕಡೆ ತಿರುಗಿತ್ತು.

ಬೆಳಗಿನಿಂದ ಇದೇ ಪಾಡು. ಒಬ್ಬರಿಗೆ ಬೊಂಬೆಗಳ ಬಣ್ಣ ಸಾಲದು. ಇನ್ನೊಬ್ಬರಿಗೆ ಅವು ಮೊಣಕಾಲೂರಿರುವುದೇ ಸರಿಯಿಲ್ಲ, ಬೆದರುಬೊಂಬೆ ಅಂದಮೇಲೆ ನೆಟ್ಟಗೆ ನಿಲ್ಲಬೇಡವೇ? ಮತ್ತೊಬ್ಬ ಪುಣ್ಯಾತ್ಮ, ನಮ್ಮ ಟೊಮೆಟೊ ತೋಟಕ್ಕೂ ಒಂದು ಕೊಡಿ, ನವಿಲಿನ ಕಾಟ ತಡೆಯೋಕಾಗ್ತಿಲ್ಲ ಎಂದು ಕೇಳಿಕೊಂಡಿದ್ದ. ಇವು ಯಾರ ಬೊಂಬೆ, ಇಲ್ಲಿ ಯಾಕಿವೆ ಎಂದು ಮಾತ್ರ ಒಂದು ನರಪಿಳ್ಳೆಯೂ ಕೇಳಲಿಲ್ಲ. ಹತ್ತಿರ ಬಂದು ನಿಂತು ನೋಡಿದ್ದು ಒಂದು ಸೀಮೆಹಸು. ಅದೂ ಬೊಂಬೆಯ ಕಾಲಿನಿಂದ ರಾಗಿಹುಲ್ಲು ಎಳೆದು ತಿಂದುಕೊಂಡು ಹೋಯಿತು.

ನಂದಗುಡಿ ಹೋಬಳಿಯ ಆ ಊರಿನಲ್ಲಿ ಅನಾಥ ಮಕ್ಕಳ ಹಾಸ್ಟೆಲೊಂದಿತ್ತು. ಬಾಗಿಲು ಹಾಕಿ ಬಹಳ ಕಾಲವಾಗಿದೆ, ಗೋಡೆ ಅರ್ಧ ಬಿದ್ದಿದೆ. ಅನಸೂಯ ಬೆಳೆದದ್ದು ಅಲ್ಲಿ. ಗೂಡ್ಸ್ ಆಟೋ ಓಡಿಸುವ ನಂದೀಶ, ಗಾರ್ಮೆಂಟ್ಸಿನಲ್ಲಿ ಹೊಲಿಯುವ ಸಂಘಮಿತ್ರ ಬೆಳೆದದ್ದೂ ಅಲ್ಲೇ. ಬೆಳೆದದ್ದು ಅನ್ನುವುದೂ ದೊಡ್ಡ ಮಾತಾಯಿತು. ವಾರ್ಡನ್ ಗೋಪಾಲಪ್ಪನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಅನ್ನ ಇನ್ನೊಂದು ಸಲ ಕೇಳಿದರೂ, ಹಾಸಿಗೆ ಒದ್ದೆ ಮಾಡಿಕೊಂಡರೂ, ರಸ್ತೆಗೆ ಕಾಣುವ ಹಾಗೆ ಬಿಸಿಲಲ್ಲಿ ಜಲ್ಲಿಯ ಮೇಲೆ ಮೊಣಕಾಲೂರಬೇಕು. ಒಳಗೆ ಹೋದಮೇಲೆ ಬೆಲ್ಟಿನ ಏಟು ಬೇರೆ. ನಲವತ್ತು ದಾಟಿದ ಅನಸೂಯ ಇವತ್ತಿಗೂ ನೆಲಕ್ಕೆ ಕೂತರೆ ಗೋಡೆ ಹಿಡಿದೇ ಏಳಬೇಕು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಲೈನಿನ ಮುಂದೆ ದಿನವಿಡೀ ನಿಲ್ಲುವುದು ಅವಳಿಗೆ ಕಷ್ಟವಲ್ಲ, ಕೂರುವುದೇ ಕಷ್ಟ.

ಗೋಪಾಲಪ್ಪ ಸತ್ತ. ಸತ್ತವನ ತಂಟೆ ಯಾಕೆಂದು ಮೂವರೂ ತಮ್ಮ ಪಾಡಿಗೆ ತಾವಿದ್ದರು. ಅಷ್ಟರಲ್ಲಿ ಪಂಚಾಯಿತಿಗೆ ಹುರುಪು ಬಂತು. ಹಾಸ್ಟೆಲಿದ್ದ ರಸ್ತೆಗೊಂದು ಕಮಾನು ಕಟ್ಟಿಸುವುದು, ಅದಕ್ಕೆ 'ಅನಾಥರಕ್ಷಕ ಗೋಪಾಲಪ್ಪನವರ ಮಹಾದ್ವಾರ' ಎಂದು ಹೆಸರಿಡುವುದು! ಭಾನುವಾರ ಉದ್ಘಾಟನೆ. ಸುದ್ದಿ ಕೇಳಿ ಅನಸೂಯಳಿಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಕೈಬಿಡಿ ಎಂದು ಅರ್ಜಿ ಬರೆದುಕೊಂಡು ಅಧ್ಯಕ್ಷ ಪಿಳ್ಳಣ್ಣನ ಮುಂದೆ ನಿಂತಳು.

ಪಿಳ್ಳಣ್ಣ ಯಾರು ಏನೇ ಹೇಳಲಿ ತಿದ್ದದೆ ಬಿಡುವ ಆಸಾಮಿಯಲ್ಲ. ಹಾಸ್ಟೆಲಿನ ಮುಂದಿನ ಹುಣಸೆ ಮರದ ಹತ್ತಿರ ಎಂದು ಅರ್ಜಿಯಲ್ಲಿ ಓದಿದವನೇ "ಹುಣಸೆ ಅಲ್ಲಮ್ಮ, ಹೊಂಗೆ" ಎಂದು ಮೊದಲು ಮರ ತಿದ್ದಿದ. ಆಮೇಲೆ ಹೇಳಿದ: "ಮೂವತ್ತು ವರ್ಷದ ಹಳೇ ಮಾತು. ಊರಲ್ಲಿ ಒಬ್ಬರಾದ್ರೂ ನೋಡಿದೀನಿ ಅನ್ಲಿ, ಹೆಸರು ತೆಗೆಸಿಬಿಡ್ತೀನಿ. ನಮ್ಮನೆ ಅದರ ಎದುರಿಗೇ ಐತಲ್ಲ, ನಾನೇ ನೋಡಿಲ್ಲ."

ಅನಸೂಯ ಮನೆಮನೆ ಸುತ್ತಿದಳು. ಕಾಫಿ ಕೊಟ್ಟರು, ಕುಂಕುಮ ಕೊಟ್ಟರು. ನಮಗೇನೂ ಗೊತ್ತಿಲ್ಲ ಕಣಮ್ಮ, ಪಾಪ, ಎಂದರು. ಡೇರಿಗೆ ಹಾಲು ಹಾಕಲು ಎಲ್ಲರೂ ಓಡಾಡುವ ದಾರಿ ಅದೇ, ನೋಡದೆ ಇರಲು ಇವರೇನು ಕಣ್ಣು ಕಟ್ಟಿಕೊಂಡು ಓಡಾಡುತ್ತಿದ್ದರಾ? ಹಾಗಾದರೆ ನೆನಪು ಮಾಡಿಸೋಣ ಎಂದು ಅವಳಿಗೆ ಹಟ ಹುಟ್ಟಿತು. ಸಂಘಮಿತ್ರ ನೀಲಿ ಚಡ್ಡಿ, ನೀಲಿ ಲಂಗ, ಬಿಳಿ ಅಂಗಿ ಹೊಲಿದಳು. ನಂದೀಶ ಹುಲ್ಲು ತುಂಬಿದ. ಮುಖಗಳನ್ನು ಅನಸೂಯಳೇ ಬರೆದಳು, ಒಂದೊಂದೂ ಅವಳು ಮರೆಯದ ಮುಖ.

ಒಂದೇ ವಿಷಯಕ್ಕೆ ಜಗಳವಾಯಿತು. "ಇಟ್ಟಿಗೆ ಇಲ್ದೆ ಹೆಂಗೆ ಕಣೇ?" ಎಂದ ನಂದೀಶ. ಮೊಣಕಾಲೂರಿದ ಮಕ್ಕಳ ತಲೆಯ ಮೇಲೆ ಗೋಪಾಲಪ್ಪ ಇಟ್ಟಿಗೆ ಇಡುತ್ತಿದ್ದ. ಅದು ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿರಬೇಕಿತ್ತು.

"ಬೇಡ" ಎಂದಳು ಅನಸೂಯ. "ಜಲ್ಲಿಯನ್ನೇ ನಂಬ್ದೆ ಇರೋರು ಇಟ್ಟಿಗೆ ನಂಬ್ತಾರಾ? ಕತೆ ಕಟ್ಟವ್ಳೆ ಅಂತಾರೆ ಅಷ್ಟೇ." ಆ ಭಯಕ್ಕೇ ಅರ್ಜಿಯಲ್ಲೂ ಅದನ್ನು ಬರೆದಿರಲಿಲ್ಲ, ಊರಲ್ಲಿ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬೊಂಬೆಗಳ ಕೈಗಳನ್ನು ಎದೆಯ ಮೇಲೆ ಕಟ್ಟಿಸಿ ಹೊಲಿದು, ಹಾಸ್ಟೆಲಿನ ಮುಂದೆ, ಏಳುತ್ತಿದ್ದ ಕಮಾನಿನ ಪಕ್ಕದಲ್ಲೇ ಜಲ್ಲಿಯ ಮೇಲೆ ಸಾಲಾಗಿ ಕೂರಿಸಿದರು.

ಈಗ ಮೂವರೂ ಅಂಗಡಿಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಕೊನೆಯ ಬೊಂಬೆ ಮಾಯವಾಗಿತ್ತು.

"ಲೇ, ಮೇಲ್ ನೋಡೇ!" ಎಂದ ನಂದೀಶ. ಬೊಂಬೆ ಕಮಾನಿನ ನೆತ್ತಿಯಲ್ಲಿ ನೇತಾಡುತ್ತಿತ್ತು. ಕೆಳಗೆ ಗಾರೆ ಮೇಸ್ತ್ರಿ ಆಂಜಿನಪ್ಪ ಸೊಂಟದ ಮೇಲೆ ಕೈಯಿಟ್ಟು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ.

"ಕಮಾನಿಗೆ ಅಂತ್ಲೇ ತಂದಿದ್ದಲ್ವಾ ಮೇಡಂ? ದೃಷ್ಟಿಬೊಂಬೆ ಇಲ್ಲ ಅಂತ ನಾನೂ ನಾಕು ದಿನದಿಂದ ಬಡ್ಕೊಂತಿದ್ದೆ. ಕಟ್ಬಿಟ್ಟೆ."

"ಅದು ದೃಷ್ಟಿಬೊಂಬೆ ಅಲ್ಲ ರೀ! ಕೆಳಗಿಳಿಸಿ!"

"ಕಟ್ಟಿದ್ಮೇಲೆ ಕೆಲಸ ಮುಗಿಯೋಗಂಟ ಬಿಚ್ಚೋ ಹಂಗಿಲ್ಲ ಮೇಡಂ. ಸಾರುವೆ ಕಂಬದ ಮೇಲಿಂದ ನಮ್ಮ ಹುಡುಗ್ರು ಬಿದ್ದು ಕೈಕಾಲು ಮುರ್ಕೊಂಡ್ರೆ ನೀವು ನೋಡ್ಕೊಂತೀರಾ?"

ಅನಸೂಯ ತಲೆ ಚಚ್ಚಿಕೊಂಡಳು. ಗೋಪಾಲಪ್ಪ ಬಿಸಿಲಲ್ಲಿ ಕೂರಿಸಿದ ಮಗು ಈಗ ಅವನದೇ ಕಮಾನಿಗೆ ದೃಷ್ಟಿಯಾಗದಂತೆ ಕಾಯಬೇಕಂತೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುದ್ದಿ ಹೋಗಿ ಪಿಳ್ಳಣ್ಣನೂ ಸ್ಕೂಟರಿನಲ್ಲಿ ಬಂದಿಳಿದ. "ಏಯ್, ಇಳಿಸೋ ಅದನ್ನ, ಅಸಹ್ಯ" ಎಂದು ಅವನೂ ಗದರಿಸಿದ. ಮೇಸ್ತ್ರಿ ಅವನಿಗೂ ಜಗ್ಗಲಿಲ್ಲ. ಬಿಚ್ಚಬೇಕು, ಬಿಚ್ಚಬಾರದು ಎಂದು ವಾದ ಎದ್ದು, ಡೇರಿಯಿಂದ ಬರುವವರೆಲ್ಲ ಅಲ್ಲೇ ನಿಂತರು. ಜನ ಸೇರಿದ್ದೂ ಇದಕ್ಕೇ, ಬೊಂಬೆ ಬಿಚ್ಚುವ ಶಾಸ್ತ್ರಕ್ಕೆ!

ಅಷ್ಟರಲ್ಲಿ ಖಾಲಿ ಕ್ಯಾನು ಹಿಡಿದ ಮುನಿವೆಂಕಟಮ್ಮ ಗುಂಪು ಸರಿಸಿಕೊಂಡು ಮುಂದೆ ಬಂದಳು. ಹೋದ ವಾರ ಅನಸೂಯಳಿಗೆ ಕಾಫಿ ಕೊಟ್ಟು ಗೊತ್ತಿಲ್ಲ ಎಂದವರಲ್ಲಿ ಈ ಅಜ್ಜಿಯೂ ಒಬ್ಬಳು. ಜಲ್ಲಿಯ ಮೇಲಿನ ಬೊಂಬೆಗಳನ್ನು ಬಹಳ ಹೊತ್ತು ನೋಡಿ ಮೂತಿ ತಿರುವಿದಳು.

"ಇಷ್ಟು ಕಷ್ಟಪಟ್ಟು ಮಾಡಿದೀಯ, ಕೈ ಮಾತ್ರ ಹಿಂಗ್ಯಾಕೆ ಕಟ್ಸಿದೀಯ ತಾಯಿ?"

ಅನಸೂಯಳ ತಾಳ್ಮೆ ಮುಗಿಯಿತು. "ಅಜ್ಜೀ, ನೀವೂ ಶುರು ಮಾಡ್ಬೇಡಿ. ಕೈ ಇನ್ನೆಂಗಿರ್ಬೇಕಿತ್ತು? ನಮಸ್ಕಾರ ಮಾಡ್ಬೇಕಿತ್ತಾ?"

"ಮೇಲಕ್ಕಿರ್ಬೇಕು. ಕೈ ಎತ್ತದೆ ಮಕ್ಕಳು ಇಟ್ಟಿಗೆ ಹೆಂಗೆ ಹಿಡ್ಕೊಂತವೆ?"

ಅನಸೂಯ ಗಕ್ಕನೆ ನಂದೀಶನ ಕಡೆ ತಿರುಗಿದಳು. ಮುದುಕಿ ಕ್ಯಾನು ಕೆಳಗಿಟ್ಟು, ಕಮಾನಿಗೆ ತಂದಿದ್ದ ರಾಶಿಯಿಂದ ಒಂದು ಇಟ್ಟಿಗೆ ಎತ್ತಿಕೊಂಡು, ಹತ್ತಿರದ ಬೊಂಬೆಯ ತಲೆಯ ಮೇಲಿಟ್ಟಳು. ಹುಲ್ಲಿನ ಕತ್ತು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು.

"ಹಿಂಗೇ ವಾಲೋದು" ಎಂದಳು. "ನೋಡಕ್ಕಾಗ್ದೆ ನಾನು ಕೆರೆ ಏರಿ ಮೇಲಿಂದ ಡೇರಿಗೆ ಹೋಗಕ್ಕೆ ಶುರು ಮಾಡ್ದೆ. ಸುತ್ತು ದಾರಿ. ಹಾಸ್ಟೆಲ್ ಮುಚ್ಚೋಗಂಟ ಅದೇ ದಾರಿ."

ಮೂವತ್ತು ವರ್ಷದಿಂದ ಬೇಕಾಗಿದ್ದ ಮಾತು ಸಿಕ್ಕಿತ್ತು. ಸಿಕ್ಕಾಗ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು ಅನಸೂಯ. ಬಂದದ್ದು ಕಡುಕೋಪ. ದಾರಿ ಬದಲಾಯಿಸಿದರಂತೆ! ದೊಡ್ಡವರು ಹಾಲು ಹೊತ್ತುಕೊಂಡು ಕೆರೆ ಸುತ್ತಿ ಹೋದರು, ಮಕ್ಕಳು ಇದ್ದಲ್ಲೇ ಇದ್ದರು.

ಗುಂಪಿನಲ್ಲಿ ಗುಸುಗುಸು ಎದ್ದಿತು. ಟೀ ಅಂಗಡಿಯ ಆದಿಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ದೊಡ್ಡ ಹುಡುಗ್ರಿಗೆ ಎರಡಿಡ್ತಿದ್ದ, ಅಲ್ವಾ ಅಕ್ಕ?" ಎಂದು ಮುನಿವೆಂಕಟಮ್ಮನನ್ನು ಕೇಳಿದಳು.

"ಎರಡೆಲ್ಲಿ ಬಂತಮ್ಮ?" ಎಂದ ಪಿಳ್ಳಣ್ಣ ಥಟ್ಟನೆ. "ಗೊತ್ತಿಲ್ದೆ ಮಾತಾಡ್ಬೇಡಿ. ದೊಡ್ಡೋರಾಗ್ಲಿ ಚಿಕ್ಕೋರಾಗ್ಲಿ, ಒಂದೇ ಇಟ್ಟಿಗೆ."

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೇ ಕೇಳಿಸಿತು. ಎಲ್ಲರೂ ಅವನ ಮುಖ ನೋಡಿದರು, ಆಮೇಲೆ ರಸ್ತೆಯ ಆಚೆಗಿದ್ದ ಅವನ ಮನೆಯ ಜಗಲಿ ನೋಡಿದರು. ಪಿಳ್ಳಣ್ಣ ಸ್ಕೂಟರಿನ ಕೀಲಿಗಾಗಿ ಜೇಬು ತಡಕಾಡಿದ. ಕೀಲಿ ಸ್ಕೂಟರಿನಲ್ಲೇ ಇತ್ತು.

ಅನಸೂಯ ಸಂಘಮಿತ್ರಳ ಹೊಲಿಗೆ ಚೀಲದಿಂದ ಕತ್ತರಿ ತೆಗೆದುಕೊಂಡಳು. ನಂದೀಶನ ಭುಜ ಹಿಡಿದು ಜಲ್ಲಿಯ ಮೇಲೆ ಕಷ್ಟಪಟ್ಟು ಮೊಣಕಾಲೂರಿ, ಮೊದಲನೆಯ ಬೊಂಬೆಯ ಕೈ ಹೊಲಿಗೆ ಬಿಚ್ಚತೊಡಗಿದಳು.

"ಸರಿ ಅಧ್ಯಕ್ಷರೇ, ಒಂದೇ" ಎಂದಳು ತಲೆ ಎತ್ತದೆ. "ಇನ್ನೂ ಏನೇನು ತಪ್ಪಾಗಿದೆ ಒಬ್ಬೊಬ್ಬರಾಗಿ ಹೇಳ್ರಿ. ಸರಿ ಮಾಡ್ತೀನಿ."