ಬಲಗಡೆಯ ಜೇಬು

“ಸ್ವಲ್ಪ ದೊಡ್ಡದು ಮಾಡು,” ಎಂದಳು ಅಮ್ಮ. ಕಾಜಾ ಹೊಲಿಯುತ್ತಿದ್ದ ಅವಳ ಎಡಗೈ ಸೂಜಿಯ ಸಮೇತ ಗಾಳಿಯಲ್ಲೇ ನಿಂತಿತ್ತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಚೂರುಪಾರು ಸರಿಸಿ, ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಕಾಲೇಜಿನ ಪಾಸ್‌ವರ್ಡ್ ಹಾಕಿದರೆ ತೆರೆದುಕೊಳ್ಳುವ ಚಿತ್ರಭಂಡಾರ. ಲಕ್ಷಗಟ್ಟಲೆ ಹಳೆಯ ವರ್ಣಚಿತ್ರಗಳ ಫೋಟೋಗಳು. ‘ಹೊಲಿಗೆ’, ‘ಸೂಜಿ’, ‘ದರ್ಜಿ’ ಎಂದು ಮೂರು ತಿಂಗಳು ಹುಡುಕಿ ಅವಳು ಹಿಡಿದದ್ದು ಇದೊಂದನ್ನು. ಕಿಟಕಿಯ ಬಳಿ ಕೂತು ಹೊಲಿಯುವ ಹೆಂಗಸು, ಹಿಂದೆ ಕೋಟು ತೊಟ್ಟು ನಿಂತ ಗಂಡಸು. ಸೂಜಿ ಹೆಂಗಸಿನ ಎಡಗೈಯಲ್ಲಿ. ಕೆಳಗೆ ‘ಕಲಾವಿದರು: ಅಜ್ಞಾತ’ ಎಂದಿತ್ತು. ಆ ಎಡಗೈಯ ಮೇಲೆ ಮಗಳು ನಲವತ್ತು ಪುಟದ ಪ್ರಬಂಧ ಬರೆದಿದ್ದಳು. ನಾಳೆ ಒಪ್ಪಿಸಬೇಕು. ಮೊದಲ ಪುಟದಲ್ಲಿ ಒಂದೇ ಸಾಲು: ‘ಎಡಗೈಯ ನನ್ನ ಅಮ್ಮನಿಗೆ’.

ಆ ಸಾಲು ಓದಿದ ಮೇಲೆಯೇ ಅಮ್ಮ ಚಿತ್ರ ತೋರಿಸೆಂದದ್ದು. ಚಿಕ್ಕಂದಿನಲ್ಲಿ ಗೆಣ್ಣಿನ ಮೇಲೆ ಏಟು ತಿಂದರೂ ಬದಲಾಗದ ಕೈ ಅವಳದು. ಅವಳ ಕತ್ತರಿ ಬೇರೆ ಯಾರ ಕೈಗೂ ಒಗ್ಗುತ್ತಿರಲಿಲ್ಲ. ಸಾಣೆ ಹಿಡಿಯುವವನು ಪ್ರತಿ ಸಲವೂ ಗೊಣಗುತ್ತಿದ್ದ. ತನ್ನಂಥವಳು ಇನ್ನೊಬ್ಬಳಿದ್ದಳೆಂದು ತಿಳಿದು ಒಳಗೊಳಗೇ ಹಿತವಾಗಿತ್ತು. ಈಗ ಅವಳ ಹುಬ್ಬು ಗಂಟಿಕ್ಕಿತ್ತು.

“ಯಾಕೋ ಅನುಮಾನ ಕಣೇ.”

“ನಿಂಗೆ ಹಾಲಿನವನ ಮೇಲೂ ಅನುಮಾನ.”

“ಅವನು ನೀರು ಹಾಕೋದು ನಿಜ. ಇಲ್ಲಿ ನೋಡು. ಗಂಡಸರ ಕೋಟಿಗೆ ಗುಂಡಿ ಹಾಕಿದಾಗ ಎಡಗಡೆ ಪಟ್ಟಿ ಮೇಲೆ ಬರುತ್ತೆ. ಇವನದು ಬಲಗಡೇದು ಮೇಲಿದೆ.”

“ಆ ಕಾಲದಲ್ಲಿ ಹಾಗೇ ಇತ್ತೇನೋ.”

“ಎದೆ ಜೇಬೂ ಬಲಗಡೆ ಇದೆ. ಒಂದು ತಪ್ಪಾದ್ರೆ ದರ್ಜಿದು ಅನ್ನಬಹುದು. ಎಲ್ಲಾ ಒಟ್ಟಿಗೆ ತಪ್ಪಾಗಲ್ಲ.” ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಚಿತ್ರಾನೇ ತಿರುಗಾಮುರುಗಾ ಹಾಕಿದ್ದಾರೆ ಅನ್ಸುತ್ತೆ. ಅವಳೂ ಎಡಗೈಯವಳಲ್ಲವೇನೋ.”

ಮಗಳ ಮುಖ ಬಿಗಿಯಿತು. “ಬರೆದಿದ್ದು ಇಷ್ಟ ಆಗದಿದ್ರೆ ನೇರವಾಗಿ ಹೇಳಮ್ಮ.”

“ಇಷ್ಟ ಆಗಿದ್ದಕ್ಕೇ ಹೇಳ್ತಿರೋದು. ನಾಳೆ ಬೇರೆ ಯಾರಾದ್ರೂ ಹೇಳಿದ್ರೆ?”

“ಕಾಲೇಜಲ್ಲಿ ಕೋಟು ಹೊಲಿಯೋರು ಯಾರಿದ್ದಾರೆ?”

“ತೊಡೋರು ಇದ್ದಾರಲ್ಲ.”

ಮಗಳು ಪರದೆಯತ್ತ ಬಗ್ಗಿದಳು. ಈ ಫೋಟೋಗಳಲ್ಲಿ ಬಹಳಷ್ಟು ಹಳೆಯ ಫಿಲ್ಮ್ ಸ್ಲೈಡುಗಳಿಂದ ತೆಗೆದವು. ಸ್ಲೈಡನ್ನು ಮಗುಚಿ ಇಟ್ಟರೆ ಚಿತ್ರ ಎಡಬಲ ಬದಲಾಗುತ್ತದೆಂದು ಕಾಲೇಜಿನ ಮೇಡಂ ಮೊದಲ ತರಗತಿಯಲ್ಲೇ ಹೇಳಿದ್ದರು. ಮಗಳಿಗೆ ಒಮ್ಮೆ ಆ ಯೋಚನೆ ಬಂದೂ ಇತ್ತು. ಅವಳು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಈಗ ಚಿತ್ರದ ಕತ್ತಲ ಮೂಲೆಯನ್ನು ಹಿಗ್ಗಿಸಿ, ಬೆಳಕು ಏರಿಸಿದಳು. ಹನ್ನೆರಡನೆಯ ಪುಟದಲ್ಲಿ ತಾನು ‘ಹುಲ್ಲಿನಂಥ ಗೆರೆಗಳು’ ಎಂದು ಬರೆದದ್ದು ನಿಧಾನಕ್ಕೆ ಅಕ್ಷರಗಳಂತೆ ಕಾಣತೊಡಗಿತು. ಒಂದೂ ಓದಲಿಕ್ಕೆ ಬರಲಿಲ್ಲ.

ಅಮ್ಮ ಲ್ಯಾಪ್‌ಟಾಪನ್ನು ಎತ್ತಿ, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ನಿಲುವುಗನ್ನಡಿಯ ಎದುರು ಹಿಡಿದಳು. ಕನ್ನಡಿಯೊಳಗೆ ಅಕ್ಷರಗಳು ನೆಟ್ಟಗಾದವು. ಅದು ಯಾರದೋ ಹೆಸರು, ಕಲಾವಿದರ ರುಜು. ಮಗಳು ಮಂಡಿಯೂರಿ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಇನ್ನೊಮ್ಮೆ, ತುಸು ಗಟ್ಟಿಯಾಗಿ. ಆಮೇಲೆ ಕೈಚಾಚಿ ಚಿತ್ರವನ್ನು ಮತ್ತೆ ಪೂರ್ತಿ ಕಾಣುವಂತೆ ಮಾಡಿದಳು. ಕನ್ನಡಿಯಲ್ಲಿ ಜೇಬು ಎಡಗಡೆಗೆ ಬಂದಿತ್ತು, ಸೂಜಿ ಹೆಂಗಸಿನ ಬಲಗೈಗೆ.

“ನಲವತ್ತು ಪುಟ,” ಎಂದಳು.

“ಬಿಚ್ಚೋಕೆ ಹೊಲಿದಷ್ಟು ಹೊತ್ತು ಬೇಡ ಬಿಡು. ಹೆಸರೊಂದು ಸಿಕ್ತಲ್ಲ.”

ಲ್ಯಾಪ್‌ಟಾಪನ್ನು ಮಗಳ ಮಡಿಲಿಗಿಟ್ಟು ಅಮ್ಮ ತನ್ನ ಸ್ಟೂಲಿಗೆ ಮರಳಿದಳು. ಮಗಳು ಮೊದಲ ಪುಟ ತೆರೆದು, ಆ ಒಂದು ಸಾಲಿನ ತುದಿಯಲ್ಲಿ ಬೆರಳು ನಿಲ್ಲಿಸಿ ತಲೆಯೆತ್ತಿದಳು. ಕನ್ನಡಿಯಲ್ಲಿ ಅಮ್ಮ ಕಾಜಾ ಹೊಲಿಯುತ್ತಿದ್ದಳು, ಬಲಗೈಯಲ್ಲಿ.